ಪುನರಪಿ ಸೈಕಲ್

ಈಜು ಮತ್ತು ಸೈಕಲ್ಲು ಒಮ್ಮೆ ಕಲಿತರೆ ಮರೆಯುವ ವಿದ್ಯೆಗಳಲ್ಲ ಎಂದು ಹಿರಿಯರು ಹೇಳುತ್ತಾರೆ. ಹದಿಮೂರು ವರ್ಷಗಳ ನಂತರ ಮತ್ತೆ ಸೈಕಲ್ಲೇರಿ ಕಚೇರಿಗೆ ಹೋಗತೊಡಗಿದ ನಮ್ಮ ಅನುಭವವು ಈ ಮಾತಿಗೆ ಒಂದು ಸಣ್ಣ ತಿದ್ದುಪಡಿಯನ್ನು ಸೂಚಿಸುತ್ತದೆ. ಕೈಗಳು ಮರೆತಿರುವುದಿಲ್ಲ, ನಿಜ. ಆದರೆ ತೊಡೆ ಮರೆತಿರುತ್ತದೆ, ಉಸಿರು ಮರೆತಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ರಸ್ತೆಯು ನಮ್ಮನ್ನು ಮರೆತಿರುತ್ತದೆ. ಇಲ್ಲಿ ‘ನಾವು’ ಎಂದರೆ ಬಹಳ ಜನವೆಂದು ವಾಚಕರು ಭಾವಿಸಬೇಕಾಗಿಲ್ಲ. ಪುಣೆಯ ಕ್ಯಾಂಪ್ ಭಾಗದ ಒಂದು ಕೇಂದ್ರ ಸರಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಡತಗಳನ್ನು ಮೇಲಕ್ಕೂ ಕೆಳಕ್ಕೂ ಕಳಿಸಿದ, ನಲವತ್ತೈದು ದಾಟಿದ, ಬಿ.ಎಸ್‌ಸಿ. ಪಾಸಾದ ಗುಮಾಸ್ತ ಒಬ್ಬನೇ. ಸೈಕಲ್ಲನ್ನೂ ಲೆಕ್ಕಕ್ಕೆ ಹಿಡಿದರೆ ಇಬ್ಬರು.

೨೦೦೫ರಲ್ಲಿ ಧಾರವಾಡ ಬಿಟ್ಟು ಈ ಊರಿಗೆ ಬಂದಾಗ ನಾವು ಮಾಡಿದ ಮೊದಲ ದೊಡ್ಡ ಖರೀದಿಯೇ ಈ ಸೈಕಲ್ಲು. ಕಚೇರಿಯಿಂದ ಸೈಕಲ್ ಮುಂಗಡ ಪಡೆದು, ಕಂತಿನಲ್ಲಿ ಸಂಬಳದಿಂದ ಮುರಿಸಿಕೊಂಡೆವು. ಒಂದು ಕಾಲಕ್ಕೆ ಪುಣೆಗೆ ಸೈಕಲ್ಲುಗಳ ನಗರವೆಂದೇ ಹೆಸರಿತ್ತು. ನಾವು ಬರುವ ಹೊತ್ತಿಗೆ ಆ ವೈಭವ ಇಳಿದಿತ್ತಾದರೂ ಕಚೇರಿಯ ಸ್ಟ್ಯಾಂಡಿನಲ್ಲಿ ಇಪ್ಪತ್ತು ಮೂವತ್ತು ಸೈಕಲ್ಲುಗಳಿಗೆ ಕೊರತೆಯಿರಲಿಲ್ಲ. ೨೦೧೧ರಲ್ಲಿ ಮಗಳು ಶಾಲೆಗೆ ಸೇರಿದಳು. ಅವಳನ್ನು ಬಿಟ್ಟು ಕಚೇರಿಗೆ ಹೋಗಬೇಕಾಗಿ ಬಂದು ಸ್ಕೂಟರು ಮನೆಗೆ ಬಂತು. ಸೈಕಲ್ಲು ಜಿನೆಯ ಕೆಳಗಿನ ಕತ್ತಲೆಗೆ ಸೇರಿತು. ಆಮೇಲೆ ಕಾಲವೂ ಅದೇ ದಾರಿ ಹಿಡಿಯಿತು. ಏಳನೆಯ ವೇತನ ಆಯೋಗದ ಶಿಫಾರಸಿನಂತೆ ೨೦೧೬ರಲ್ಲಿ ಸೈಕಲ್ ಮುಂಗಡವೂ ನಿಂತಿತು. ಸೈಕಲ್ ಭತ್ಯೆಯನ್ನು ಮಾತ್ರ ಅಂಚೆಯವರಿಗೂ ರೈಲ್ವೆಯ ಹಳಿ ಕಾಯುವವರಿಗೂ ಉಳಿಸಿ, ೨೦೧೭ರಲ್ಲಿ ತಿಂಗಳಿಗೆ ೯೦ ರೂಪಾಯಿ ಇದ್ದುದನ್ನು ೧೮೦ ಮಾಡಿದರು. ೨೦೨೦ರ ಜೂನ್ ೩ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರಖಾನೆಯ ಉತ್ಪಾದನೆ ನಿಂತಿತೆಂದು ಪತ್ರಿಕೆಯಲ್ಲಿ ಓದಿದಾಗ, ಜಿನೆಯ ಕೆಳಗೆ ಬಗ್ಗಿ ನಮ್ಮದರ ಧೂಳನ್ನು ಒಮ್ಮೆ ಒರೆಸಿದ್ದುಂಟು.

ಮತ್ತೆ ಹತ್ತಿಸಿದ್ದು ರಕ್ತಪರೀಕ್ಷೆಯ ಚೀಟಿ. ಮೂರು ತಿಂಗಳ ಸಕ್ಕರೆಯ ಸರಾಸರಿ ೬.೩ ಎಂದು ಬಂತು. ೬.೫ಕ್ಕೆ ಮುಟ್ಟಿದರೆ ಮಧುಮೇಹ. “ಇನ್ನೂ ಬಾಗಿಲ ಹೊರಗೆ ನಿಂತಿದ್ದೀರಿ, ಒಳಗೆ ಹೋಗಬೇಡಿ” ಎಂದರು ಡಾಕ್ಟರು. ನಾವು ೨೦೦೪ರ ಜನವರಿ ಒಂದರ ನಂತರ ಸೇವೆಗೆ ಸೇರಿದವರು. ಹಳೆಯ ಪೆನ್ಶನ್ನಿನ ಭಾಗ್ಯವಿಲ್ಲ. ಅಪ್ಪ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ತಿಂಗಳ ಮೊದಲ ವಾರ ಬ್ಯಾಂಕಿಗೆ ನಡೆದುಹೋಗಿ ಬರುತ್ತಿದ್ದ ಠೀವಿ ಕಣ್ಣ ಮುಂದಿದೆ. ನಮಗೆ ನಿವೃತ್ತಿಯ ನಂತರ ಗಟ್ಟಿಯಾಗಿ ಉಳಿಯಬೇಕಾದ ಆಸ್ತಿಯೆಂದರೆ ಈ ಮೈಯೊಂದೇ. ಅದಕ್ಕೆ ಈಗಲೇ ಕಂತು ಕಟ್ಟಬೇಕು.

ಆದರೆ ಮನೆಯಲ್ಲಿ ಮಂಜೂರಾತಿ ಸುಲಭವಾಗಿರಲಿಲ್ಲ. “ಏನ್ರೀ, ನಿಮಗ ಹುಚ್ಚು ಹಿಡದದೇನು? ಆ ದವಾಖಾನಿ ಮರತ್ರೇನು?” ಎಂದಳು ನಮ್ಮಾಕೆ. ಮರೆತಿರಲಿಲ್ಲ. ನಮ್ಮ ಕಚೇರಿಯ ದಫ್ತರಿಯೊಬ್ಬರು ಮೂವತ್ತು ವರ್ಷಕ್ಕೂ ಮಿಕ್ಕಿ ಸೈಕಲ್ಲಿನಲ್ಲೇ ಬಂದುಹೋದವರು. ನಿವೃತ್ತಿಗೆ ಎರಡು ವರ್ಷವಿರುವಾಗ, ಸಂಜೆಯ ಹೊತ್ತು, ಹಿಂದಿನಿಂದ ಬಂದ ಟೆಂಪೊ ಒಂದು ಅವರನ್ನು ತಗುಲಿಸಿಕೊಂಡು ನಿಲ್ಲದೆ ಹೋಯಿತು. ಹೆಗಲಿನ ಎಲುಬು ಮುರಿದು ನಲವತ್ತು ದಿನ ಮಲಗಿದರು. ನಾವಿಬ್ಬರೂ ನೋಡಲು ಹೋದಾಗ ಅವರ ಮನೆಯವರು ಮಾತನಾಡಲಿಲ್ಲ. ಗೋಡೆಗೆ ಒರಗಿಸಿದ್ದ ಮುರಿದ ಸೈಕಲ್ಲನ್ನೇ ನೋಡುತ್ತ ಕುಳಿತಿದ್ದರು. ಆ ನೋಟ ನಮ್ಮಾಕೆಯ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. “ಸಕ್ಕರಿ ಬ್ಯಾರೆ ದಾರ್ಯಾಗ ಇಳಿಸ್ರಿ. ಮುಂಜಾನೆ ಎದ್ದು ನಡೀರಿ, ಯಾರು ಬ್ಯಾಡ ಅಂತಾರ?”

ನಾವು ಲೆಕ್ಕ ಮುಂದಿಟ್ಟೆವು. ವಿಶ್ರಾಂತವಾಡಿಯಿಂದ ಕಚೇರಿಗೆ ಸುಮಾರು ಒಂಬತ್ತು ಕಿಲೋಮೀಟರು. ಸ್ಕೂಟರಿಗೆ ಈಗಿನ ದಟ್ಟಣೆಯಲ್ಲಿ ಅರ್ಧ ತಾಸು, ಸೈಕಲ್ಲಿಗೆ ಮುಕ್ಕಾಲು ತಾಸು. ಅಂದರೆ ಹೋಗಿಬರುವುದಕ್ಕೆ ದಿನಕ್ಕೆ ಅರ್ಧ ತಾಸು ಹೆಚ್ಚು ಕೊಟ್ಟರೆ ಒಂದೂವರೆ ತಾಸಿನ ವ್ಯಾಯಾಮ ಕೈಗೆ ಬರುತ್ತದೆ. ಅವಳು ಎರಡು ದಿನ ಯೋಚಿಸಿ, ಷರತ್ತುಗಳ ಮೇಲೆ ಒಪ್ಪಿಗೆ ಕೊಟ್ಟಳು: ತಲೆಗೆ ಹೆಲ್ಮೆಟ್ಟು, ಹಿಂದೆ ಕೆಂಪು ದೀಪ, ಲಾರಿಗಳ ರಸ್ತೆ ಬಿಟ್ಟು ಒಳದಾರಿ, ಸುತ್ತಾದರೂ ಸರಿ, ಮುಟ್ಟಿದ ಕೂಡಲೇ ಫೋನು, ಜೋರು ಮಳೆಯ ದಿನ ಬಸ್ಸು. ನಮ್ಮ ಮೇಲಧಿಕಾರಿಗಳು ಕೂಡ ಇಷ್ಟು ಸ್ಪಷ್ಟವಾದ ಆದೇಶ ಹೊರಡಿಸಿದ್ದನ್ನು ನಾವು ಕಂಡಿಲ್ಲ.

ಸೈಕಲ್ಲನ್ನು ಓಣಿಯ ಮಿಸ್ತ್ರಿಯ ಮುಂದೆ ನಿಲ್ಲಿಸಿದಾಗ ಆತ ಚೈನನ್ನು ಬೆರಳಿನಿಂದ ಎತ್ತಿ ನೋಡಿ, ಏನೂ ಹೇಳದೆ ಕೆಳಗೆ ಬಿಟ್ಟ. ಟಯರು, ಟ್ಯೂಬು, ಚೈನು, ಬ್ರೇಕಿನ ರಬ್ಬರು ಎಲ್ಲ ಹೊಸದಾಗಬೇಕಾಯಿತು. ಗಾಲಿಗಳ ಸೊಟ್ಟ ತೆಗೆದ, ಗುಂಭದ ಗೋಲಿಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಗ್ರೀಸು ತುಂಬಿದ. ಫ್ರೇಮು ಮಾತ್ರ ಕುಂದಿಲ್ಲದೆ ಇತ್ತು. ಸ್ಟಾರ್ಲೆ ಎಂಬಾತ ೧೮೮೫ರಲ್ಲಿ ಇಂಗ್ಲೆಂಡಿನಲ್ಲಿ ತಂದ ಸಮಗಾಲಿಯ ಸೈಕಲ್ಲು, ೧೮೮೮ರಲ್ಲಿ ಡನ್‌ಲಪ್ ಕೊಟ್ಟ ಗಾಳಿ ತುಂಬಿದ ಟಯರು, ಇವೆರಡರ ಮೇಲೆಯೇ ನಮ್ಮ ಓಣಿಯ ಮಿಸ್ತ್ರಿಯ ಸಂಸಾರ ಇಂದಿಗೂ ನಿಂತಿದೆ.

೨೦೨೫ರ ಸಂಕ್ರಾಂತಿಯ ಮರುದಿನ ಹೊರಟೆವು. ಮೊದಲ ನೂರು ಗಜ ಹ್ಯಾಂಡಲ್ಲು ತುಸು ತೊನೆಯಿತು. ಆಮೇಲೆ ತಾನೇ ನೆಟ್ಟಗಾಯಿತು. ಸೈಕಲ್ಲು ಏಕೆ ಬೀಳುವುದಿಲ್ಲ ಎಂಬುದಕ್ಕೆ, ತಿರುಗುವ ಗಾಲಿಯ ಗೈರೊಸ್ಕೋಪಿನ ಗುಣವೇ ಕಾರಣವೆಂದು ನಮಗೆ ಕಾಲೇಜಿನಲ್ಲಿ ಹೇಳಿದ್ದರು. ೨೦೧೧ರಲ್ಲಿ ನೆದರ್‌ಲ್ಯಾಂಡ್ಸ್ ಮತ್ತು ಅಮೆರಿಕದ ವಿಜ್ಞಾನಿಗಳು ಆ ಗುಣವನ್ನು ರದ್ದು ಮಾಡುವಂತೆ, ಹಿಮ್ಮುಖವಾಗಿ ತಿರುಗುವ ಗಾಲಿಗಳನ್ನು ಜೋಡಿಸಿದ ಒಂದು ಸೈಕಲ್ಲನ್ನು ಕಟ್ಟಿದರು. ಸವಾರನಿಲ್ಲದೆ ತಳ್ಳಿದರೂ ಅದು ಬೀಳದೆ ಹೋಯಿತು! ಅಂತೂ ಗುಟ್ಟು ಒಂದೇ ಕಾರಣದಲ್ಲಿಲ್ಲ. ಆದರೆ ಒಂದು ಮಾತು ಸವಾರರೆಲ್ಲರಿಗೂ ಗೊತ್ತು: ಯಾವ ಕಡೆ ಬೀಳುತ್ತೇವೆಯೋ ಆ ಕಡೆಗೇ ಹ್ಯಾಂಡಲ್ಲು ತಿರುಗಿಸಿದರೆ ಉಳಿಯುತ್ತೇವೆ.

ಸಂಜೆ ಮರಳುವಾಗ ಯೆರವಡೆಯಿಂದ ಡೆಕ್ಕನ್ ಕಾಲೇಜಿನ ಕಡೆಗೆ ಒಂದು ಏರಿದೆ. ಸ್ಕೂಟರಿನವರಿಗೆ ಅದು ಏರೆಂದು ತಿಳಿಯುವುದೂ ಇಲ್ಲ. ಮೊದಲ ದಿನ ಅರ್ಧಕ್ಕೇ ಇಳಿದು ತಳ್ಳಿದೆವು. ಮನೆಗೆ ಬಂದು ಲೆಕ್ಕ ಹಾಕಿದೆವು: ನಾವೂ ಸೈಕಲ್ಲೂ ಸೇರಿ ೯೦ ಕಿಲೊ, ಏರು ಇಪ್ಪತ್ತು ಮೀಟರೆಂದು ಹಿಡಿದರೆ ಸುಮಾರು ೧೭,೬೦೦ ಜೂಲು, ಅಂದರೆ ನಾಲ್ಕು ಕಿಲೊಕ್ಯಾಲರಿ ಚಿಲ್ಲರೆ. ಮೈಯೆಂಬ ಯಂತ್ರವು ತಿಂದದ್ದರಲ್ಲಿ ಕಾಲು ಭಾಗವನ್ನಷ್ಟೇ ದುಡಿಮೆಗೆ ಕೊಡುತ್ತದೆಂದು ಹಿಡಿದರೂ ಹದಿನೆಂಟನ್ನು ದಾಟದು. ಒಂದು ಜೋಳದ ರೊಟ್ಟಿಯಲ್ಲಿ ನೂರಕ್ಕೂ ಹೆಚ್ಚು. ಅಷ್ಟು ಏದುಸಿರು ಬಿಟ್ಟು ನಾವು ಕರಗಿಸಿದ್ದು ರೊಟ್ಟಿಯ ಅಂಚನ್ನು ಮಾತ್ರ! ಈ ಲೆಕ್ಕವನ್ನು ನಮ್ಮಾಕೆಗೆ ತೋರಿಸಿದ ಮೇಲೆ ರಾತ್ರಿಯ ಮೂರನೆಯ ರೊಟ್ಟಿ ಬಡಿಸುವುದನ್ನು ನಿಲ್ಲಿಸಿದಳು.

ಕಚೇರಿಯಲ್ಲಿ “ಪೆಟ್ರೋಲ್ ಮಹಾಗ ಝಾಲಂ ಕಾ?” ಎಂಬ ಪ್ರಶ್ನೆ ಒಂದು ವಾರ ನಡೆಯಿತು. ಸೈಕಲ್ ಸ್ಟ್ಯಾಂಡಿನಲ್ಲಿ ಈಗ ಸ್ಕೂಟರುಗಳೇ ತುಂಬಿರುವುದರಿಂದ ಜನರೇಟರಿನ ಪಕ್ಕ ಜಾಗ ಮಾಡಿಕೊಂಡೆವು. ಬೆರಳೊತ್ತುವ ಹಾಜರಿ ಯಂತ್ರಕ್ಕೆ ಬೆವರಿದ ಹೆಬ್ಬೆಟ್ಟು ಒಪ್ಪಿಗೆಯಾಗದೆ, ಕರವಸ್ತ್ರದಿಂದ ಒರೆಸಿ ಒರೆಸಿ ಒತ್ತುವುದನ್ನು ಕಲಿತೆವು. ಮೂರನೆಯ ವಾರಕ್ಕೆ ಏರು ಇಳಿಯದೆ ಹತ್ತಿತು. ಆಷಾಢದ ಗಾಳಿಮಳೆಯಲ್ಲಿ ಷರತ್ತಿನ ಪ್ರಕಾರ ಬಸ್ಸು ಹಿಡಿದೆವು. ಶ್ರಾವಣದಲ್ಲಿ ಮತ್ತೆ ಹತ್ತಿದೆವು.

ಆದರೆ ಈ ಲೇಖನಕ್ಕೆ ಕುಳಿತದ್ದು ಸಕ್ಕರೆಯ ಕಥೆ ಹೇಳಲಿಕ್ಕಲ್ಲ. ಆ ಏರಿನಲ್ಲಿ ಕೇಳಿಬಂದ ಒಂದು ದನಿಯನ್ನು ಕುರಿತು. ಈ ಊರಿನಲ್ಲಿ ಸೈಕಲ್ಲಿನವರು ಎರಡು ಬಗೆ. ಭಾನುವಾರ ಬೆಳಗ್ಗೆ ಗೇರಿನ ಸೈಕಲ್ಲು, ಬಿಗಿ ಉಡುಪು, ಮಿನುಗುವ ಹೆಲ್ಮೆಟ್ಟಿನೊಂದಿಗೆ ಹೊರಡುವವರು ಒಂದು ಬಗೆ. ಹ್ಯಾಂಡಲ್ಲಿಗೆ ಬುತ್ತಿಯ ಚೀಲ ತೂಗಿಸಿಕೊಂಡು ದಿನವೂ ಹೊರಡುವ ವಾಚಮನ್ನರು, ಗೌಂಡಿಗಳು, ಪೇಪರಿನವರು ಇನ್ನೊಂದು. ಮೊದಲಿನವರಿಗೆ ಕಾರಿನವರೂ ದಾರಿ ಬಿಡುತ್ತಾರೆ. ಎರಡನೆಯವರು ಯಾರ ಕಣ್ಣಿಗೂ ಬೀಳುವುದಿಲ್ಲ. ೨೦೦೮ರಲ್ಲಿ ಇಲ್ಲಿ ಕಾಮನ್‌ವೆಲ್ತ್ ಯುವ ಕ್ರೀಡಾಕೂಟ ನಡೆಯಿತು. ಆ ಆಸುಪಾಸಿನ ವರ್ಷಗಳಲ್ಲಿ ಹಲವು ರಸ್ತೆಗಳ ಅಂಚಿಗೆ ಸೈಕಲ್ ಪಥಗಳು ಬಂದವು. ನಮಗೆ ಸಿಗುವ ತುಂಡು ಪಥಗಳಲ್ಲಿ ನಿಲ್ಲಿಸಿದ ಸ್ಕೂಟರುಗಳೂ ಎಳನೀರಿನ ಗಾಡಿಗಳೂ ಇರುತ್ತವೆ. ಹೀಗಾಗಿ ನಾವೂ ಅವರೂ ಲಾರಿ ಬಸ್ಸುಗಳ ನಡುವೆಯೇ ಹೋಗುತ್ತೇವೆ.

೨೦೨೫ರ ನವೆಂಬರ್. ನಮ್ಮ ಸಂಘದ ರಾಜ್ಯೋತ್ಸವ ಮುಗಿದ ಮರುವಾರ. ಆರೂವರೆಗೆ ಕತ್ತಲಾಗಿತ್ತು. ಏರಿನಲ್ಲಿ ನಮ್ಮ ಮುಂದೆ ಒಬ್ಬ ಸೈಕಲ್ಲು ತಳ್ಳುತ್ತಿದ್ದ. ದೀಪವಿಲ್ಲ, ಹಿಂದಿನ ಮಡಗಾರ್ಡಿನಲ್ಲಿ ಹೊಳೆಯುವ ಬಿಲ್ಲೆಯೂ ಇಲ್ಲ. ತೀರ ಹತ್ತಿರ ಬರುವವರೆಗೆ ನಮಗೇ ಕಾಣಲಿಲ್ಲ. ಅವನ ಫೋನು ಬಾರಿಸಿತು. “ಹಾಂ ಯವ್ವಾ… ಉಣ್ತೀನಿ ಈಗ ಹೋಗಿ. ತೊಗರಿ ಹೂ ಬಿಟ್ಟದೇನು?” ಎಂದ.

ನಾವು ಇಳಿದೆವು. “ಯಾವೂರಪ್ಪಾ?” ಎಂದು ಕೇಳಿದ್ದಕ್ಕೆ ಬೆಚ್ಚಿ ನಿಂತು, “ಜೇವರ್ಗಿ ತಾಲ್ಲೂಕ ರೀ. ನೀವು ಕನ್ನಡದವರ ಏನ್ರಿ ಸಾಹೇಬ್ರ?” ಎಂದ. ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ. ಅವರ ಕಡೆಯ ಆರು ಮಂದಿ ನಮ್ಮ ಮನೆಯಿಂದ ಒಂದು ಮೈಲಿನೊಳಗೇ ತಗಡಿನ ಶೆಡ್ಡಿನಲ್ಲಿದ್ದಾರೆ. ಆರು ಜನಕ್ಕೂ ಹಳೆಯ ಸೈಕಲ್ಲು. ಪುಣೆಗೆ ಬಂದು ನಾಲ್ಕು ವರ್ಷವಾಯಿತಂತೆ. ಕನ್ನಡ ಕೇಳಬೇಕೆಂದರೆ ನಾವು ತಿಂಗಳಿಗೊಮ್ಮೆ ಸಂಘದ ಸಭಾಗೃಹಕ್ಕೆ ಹೋಗುವವರು. ಅದು ದಿನವೂ ಸಂಜೆ ಈ ಏರನ್ನು ಹತ್ತುತ್ತಿತ್ತು. “ದೀಪ ಇಲ್ಲಲ್ಲಪ್ಪಾ?” ಎಂದೆವು. “ರಸ್ತೇದ ದೀಪ ಅದಾವಲ್ರೀ” ಎಂದು ನಕ್ಕ.

ಅಪ್ಪನ ಕಾಲದಲ್ಲಿ ಸೈಕಲ್ಲಿಗೆ ಮುನ್ಸಿಪಾಲಿಟಿಯ ಬಿಲ್ಲೆ ಇರಬೇಕಿತ್ತು. ರಾತ್ರಿ ದೀಪವಿಲ್ಲದಿದ್ದರೆ ಪೋಲೀಸರು ಹಿಡಿದು ದಂಡ ಹಾಕುತ್ತಿದ್ದರು. ಅದನ್ನು ಕಾಟವೆಂದು ಜನ ಬೈಯುತ್ತಿದ್ದರು. ಈಗ ಹಿಡಿಯುವವರಿಲ್ಲ. ಇದು ಸೌಕರ್ಯವೋ, ಸೈಕಲ್ಲಿನವನು ಬದುಕಿದ್ದರೆಷ್ಟು ಬಿಟ್ಟರೆಷ್ಟು ಎಂಬ ಉದಾಸೀನವೋ ಎಂದು ಯೋಚಿಸುತ್ತ ಮನೆಗೆ ಬಂದೆವು.

ನಮ್ಮಾಕೆಗೆ ಹೇಳಿದಾಗ ಅವಳು ಕೇಳಿದ ಮೊದಲ ಪ್ರಶ್ನೆ, “ಅಂವಾ ಹೆಲ್ಮೆಟ್ ಹಾಕ್ಕೊತಾನೇನು?” ಎಂಬುದು. ಇಲ್ಲವೆಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವನ ಹೇಣ್ತಿ ಊರಾಗಿರ್ತಾಳ. ಮುಟ್ಟಿದ ಕೂಡ್ಲೆ ಫೋನ್ ಮಾಡು ಅಂತ ಹೇಳೋರು ಯಾರು?” ಎಂದಳು. ಮರುದಿನ ಅವಳೇ ಲೆಕ್ಕ ಮಾಡಿದಳು. ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿದೆ. ತಿಂಗಳಿಗೆ ನಮಗೆ ಒಂಬೈನೂರರಷ್ಟು ಉಳಿಯುತ್ತಿತ್ತು. ಆ ತಿಂಗಳ ಉಳಿತಾಯ ಆರು ಕೆಂಪು ದೀಪಗಳಾಯಿತು.

“ಪುಕ್ಕಟೆ ಬ್ಯಾಡ್ರೀ” ಎಂದು ಅವನು ಪಟ್ಟು ಹಿಡಿದ. “ಊರಿಗೆ ಹೋಗಿ ಬಂದಾಗ ಏನಾದರೂ ತಾ” ಎಂದು ಒಪ್ಪಿಸಿದೆವು. ಡಿಸೆಂಬರಿನಲ್ಲಿ ಎಳ್ಳಮಾಸಿಗೆ ಹೋಗಿ ಬಂದವನು ನಮ್ಮ ಬಾಗಿಲಿಗೆ ಬಂದು, ಬಿಳಿಯ ಬಟ್ಟೆಯಲ್ಲಿ ಕಟ್ಟಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟ. ನಮ್ಮಾಕೆ ಅವನನ್ನು ಕೂಡಿಸಿ ಚಹ ಕೊಟ್ಟು, ಹೊರಡುವಾಗ ದೀಪ ಹತ್ತುತ್ತದೆಯೋ ಇಲ್ಲವೋ ಎಂದು ಅಂಗಳಕ್ಕೆ ಇಳಿದು ಒತ್ತಿ ನೋಡಿದಳು. ಆಮೇಲೆ ಆ ಕಟ್ಟಡದ ಕೆಲಸ ಮುಗಿದು ಅವರಲ್ಲಿ ನಾಲ್ವರು ನಗರದ ಇನ್ನೊಂದು ತುದಿಗೆ ಹೋದರು. ಇಬ್ಬರು ಈಗಲೂ ಏರಿನಲ್ಲಿ ಸಿಗುತ್ತಾರೆ.

೨೦೨೬ರ ಜನವರಿಯ ಪರೀಕ್ಷೆಯಲ್ಲಿ ೫.೮ ಬಂದಿದೆ. ಬಾಗಿಲಿನಿಂದ ಎರಡು ಮೆಟ್ಟಿಲು ಕೆಳಗಿಳಿದಂತಾಯಿತು. ಅಂಗಳ ಇನ್ನೂ ದೂರವಿದೆ. ನಮ್ಮಾಕೆಯ ಹೆದರಿಕೆಯೇನೂ ಹೋಗಿಲ್ಲ, ಹೋಗಬೇಕೆಂದೂ ನಾವು ಹೇಳುವುದಿಲ್ಲ. ಫೋನು ಮಾಡಲು ಐದು ನಿಮಿಷ ತಡವಾದರೆ ಅವಳದೇ ಬರುತ್ತದೆ. ನಲವತ್ತು ದಾಟಿದ ನಮ್ಮ ಸದಸ್ಯ ಬಂಧುಗಳಲ್ಲಿ ಕೆಲವರ ಮನೆಯ ಜಿನೆಯ ಕೆಳಗೂ ಒಂದೊಂದು ಸೈಕಲ್ಲು ಇದ್ದೀತು. ಹತ್ತುವ ಮನಸ್ಸಿದ್ದವರಿಗೆ ಮಿಸ್ತ್ರಿಯ ವಿಳಾಸ ಕೊಡುತ್ತೇವೆ, ಗಾಳಿಪಂಪೂ ನಮ್ಮಲ್ಲಿದೆ. ಹತ್ತಲಾಗದವರು ಸಂಜೆ ಕಾರಿನಲ್ಲೋ ಸ್ಕೂಟರಿನಲ್ಲೋ ಬರುವಾಗ ಎಡಗಡೆಯ ಕತ್ತಲೆಯ ಮೇಲೆ ಸ್ವಲ್ಪ ಕಣ್ಣಿಡಬೇಕೆಂದು ವಿನಂತಿ. ಅಲ್ಲಿ ಯಾರೋ ಒಬ್ಬ ಊರಿನ ತೊಗರಿಯ ಸುದ್ದಿ ಕೇಳುತ್ತ ಹೋಗುತ್ತಿರಬಹುದು.