ವ್ಯಸ್ತ ತ್ರೈರಾಶಿಕ

ಬಾವಿಯ ಗಡಗಡೆಯನ್ನು ನೋಡದವರು ಈ ಸೀಮೆಯಲ್ಲಿ ವಿರಳ. ಹಿಟ್ಟಿನ ಗಿರಣಿಯ ಬಾಗಿಲಲ್ಲಿ ಜೋಳದ ಚೀಲ ಹಿಡಿದು ನಿಂತು, ಒಂದು ಗಾಲಿಯಿಂದ ಇನ್ನೊಂದಕ್ಕೆ ಸರಸರನೆ ಓಡುವ ಪಟ್ಟಾವನ್ನು ಬೆರಗಿನಿಂದ ನೋಡದೆ ಬೆಳೆದವರು ಇನ್ನೂ ವಿರಳ. ಒಂದೇ ಪಟ್ಟಾ ಸುತ್ತಿದ ಎರಡು ಗಾಲಿಗಳಲ್ಲಿ ಚಿಕ್ಕದು ಹೆಚ್ಚು ಸುತ್ತುವದು, ದೊಡ್ಡದು ಕಡಿಮೆ ಸುತ್ತುವದು. ಒಂದು ಹೆಚ್ಚಿದಂತೆ ಇನ್ನೊಂದು ತಗ್ಗುವ ಇಂಥ ಲೆಕ್ಕಕ್ಕೆ ವ್ಯಸ್ತ ತ್ರೈರಾಶಿಕವೆಂದು ಹೆಸರು. ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ಲೀಲಾವತಿಯಲ್ಲಿ ಅದರ ವಿವರವಿದೆ.

1984ರ ವೈಶಾಖದಲ್ಲಿ ಇಳಕಲ್ಲಿನ ಒಂದು ಮನೆಯ ಅಂಗಳದಲ್ಲಿ ಈ ಲೆಕ್ಕದ ಪ್ರಯೋಗ ನಡೆಯಿತು. ಮನೆಯವರು ಸೀರೆಯ ವ್ಯಾಪಾರಸ್ಥರು. ಮನೆಯ ಹಿರಿಯನು ತನ್ನ ಕಡೆಯ ಕಾಲದಲ್ಲಿ ಕೊಂಡ ಅಂಬಾಸಡರ್ ಮೋಟಾರು ಅವನ ನಂತರ ಮಗನ ಪಾಲಿಗೆ ಬಂದಿತ್ತು. ಅದರ ಮೇಲೆ ಧೂಳು ಕೂಡದಂತೆ ಹಳೆಯ ಸೀರೆಗಳನ್ನು ಹೊಲಿದ ಹೊದಿಕೆ. ಮೊಮ್ಮಗನು ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದನು. (ಬಾಗಲಕೋಟೆಯು ಆಗಿನ್ನೂ ವಿಜಾಪುರ ಜಿಲ್ಲೆಯಲ್ಲಿತ್ತು, ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.) ಸುಟಿಗೆ ಬಂದವನು ಚೀಲದೊಳಗಿಂದ ಅಲ್ಯುಮಿನಿಯಮ್ಮಿನ ಹೊಸ ಗಾಲಿಯೊಂದನ್ನು ತೆಗೆದು ತಂದೆಯ ಮುಂದಿಟ್ಟನು. ತನ್ನದೇ ನಕ್ಷೆಯ ಪ್ರಕಾರ ಲೇಥಿನ ಮೇಲೆ ತಿರುಗಿಸಿ ತಂದದ್ದು. ಬೆಳ್ಳಿಯ ಬಟ್ಟಲಿನಂತೆ ಹೊಳೆಯುತ್ತಿತ್ತು.

“ಸಣ್ಣ ಗಾಲಿ ಹಾಕಿದ್ರ ಜೋರಾಗಿ ತಿರಗತೈತಿ, ಅಲ್ಲೇನು?” ಎಂದನು ತಂದೆ.

“ಇಲ್ಲಪ್ಪಾ, ಇದು ಎಳಿಯೋ ಗಾಲಿ. ಇದು ಸಣ್ಣದಾದ್ರ ಉಳಿದಾವು ನಿಧಾನ ಆಗತಾವು.”

ಹುಡುಗನ ಮಾತು ಯಥಾರ್ಥವಾಗಿತ್ತು. ಎಂಜಿನಿನ ದಂಡದ ತುದಿಯಲ್ಲಿರುವ ಗಾಲಿಯು ಒಂದೇ ಪಟ್ಟಾದಿಂದ ಡೈನಮೋವನ್ನೂ, ಪಂಖವನ್ನೂ, ಪಂಖದ ಹಿಂದೆ ಅದೇ ಅಚ್ಚಿನಲ್ಲಿರುವ ನೀರಿನ ಪಂಪನ್ನೂ ತಿರುಗಿಸುವದು. ದಂಡದ ಸುತ್ತು ಎಂಜಿನಿನ ವೇಗಕ್ಕೆ ಕಟ್ಟುಬಿದ್ದದ್ದು. ಅಲ್ಲಿಯ ಗಾಲಿ ಚಿಕ್ಕದಾದರೆ ಪ್ರತಿ ಸುತ್ತಿಗೂ ಅದು ಎಳೆಯುವ ಪಟ್ಟಾ ಕಡಿಮೆ. ಹಳೆಯ ಗಾಲಿಯ ವ್ಯಾಸವನ್ನು 5 ಪಾಲೆಂದು ಹಿಡಿದರೆ ಹೊಸದರದು 4 ಪಾಲಾಗಿತ್ತು. ಪಂಖವು ಮೊದಲು 1000 ಸುತ್ತು ಹಾಕುತ್ತಿದ್ದ ಕಡೆಗೆ ಈಗ 800. ಪಂಖವು ನುಂಗುವ ಶಕ್ತಿಯಾದರೋ ವೇಗದ ಘನವನ್ನು ಅನುಸರಿಸುವದು: 125 ಇದ್ದದ್ದು 64ಕ್ಕೆ ಇಳಿಯುವದು, ಅಂದರೆ ಹೆಚ್ಚು ಕಡಿಮೆ ಅರ್ಧ. ಹೀಗೆ ಉಳಿದ ಬಲವು ಚಕ್ರಗಳಿಗೆ ಹೋಗುವದೆಂಬುದೇ ಅವನ ಆಸೆ. ಪಂದ್ಯದ ಮೋಟಾರುಗಳಿಗೆ ಪರದೇಶಗಳಲ್ಲಿ ಹೀಗೆ ಮಾಡುವದುಂಟು.

ತಂದೆಗೆ ಘನಮೂಲಗಳ ಗೊಡವೆ ಬೇಕಿರಲಿಲ್ಲ. ಮಗನು ಕಲಿತ ವಿದ್ಯೆಯನ್ನು ಮನೆಯ ವಸ್ತುವಿಗೆ ಹಚ್ಚುತ್ತಿದ್ದಾನೆಂಬ ಹಿಗ್ಗು ಅವನಿಗೆ ಸಾಕಾಗಿತ್ತು. ಎರಡು ದಿವಸ ಅಂಗಳದಲ್ಲಿ ಕೆಲಸ ನಡೆಯಿತು. ನೀರು ಬಸಿದು ರೇಡಿಯೇಟರನ್ನು ಬಿಚ್ಚಿ ಗೋಡೆಗೆ ಆನಿಸಿದರು. ಹಿಡಿಕೆ ಹಾಕಿ ಎಂಜಿನು ತಿರುವುವ ಆ ದಪ್ಪ ನಟ್ಟಿನ ಹಿಂದಿನ ವಾಷರಿನ ಮಡಿಕೆಯನ್ನು ಉಳಿಯಿಂದ ನೆಟ್ಟಗೆ ಮಾಡಬೇಕಾಯಿತು; ನಟ್ಟು ಮಾತ್ರ ಸುಲಭವಾಗಿ ಮಣಿಯಲಿಲ್ಲ. ಪಾನಾದ ತುದಿಗೆ ನೀರಿನ ಪೈಪು ತೊಡಿಸಿ ತಂದೆಮಕ್ಕಳಿಬ್ಬರೂ ಜಗ್ಗಿದಾಗ ಕಟ್ಟೆಂದು ಸಡಿಲಾಯಿತು. ದಂಡದ ಗಾಡಿಯಲ್ಲಿ ಕೂತ ಅರ್ಧಚಂದ್ರಾಕಾರದ ಸಣ್ಣ ಉಕ್ಕಿನ ಬಿಲ್ಲೆಯು ಜಾರಿ ಬಿದ್ದು, ಅದನ್ನು ಮಣ್ಣಿನಲ್ಲಿ ಹುಡುಕುವದರಲ್ಲಿಯೇ ಒಂದು ಸಂಜೆ ಕಳೆಯಿತು. ಹೊಸ ಗಾಲಿ ಕೂತಿತು. ಅದಕ್ಕೆ ತಕ್ಕಂತೆ ಗಿಡ್ಡ ಪಟ್ಟಾ ಬಂದಿತು. ಡೈನಮೋವನ್ನು ಹೊರಗೆ ಸರಿಸಿ ಬಿಗಿ ಮಾಡಿ, ಪಟ್ಟಾದ ನಡುವನ್ನು ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು ತಗ್ಗುವಂತೆ ನೋಡಿಕೊಂಡರು. ಹಳೆಯ ಗಾಲಿಯ ಅಂಚಿನಲ್ಲಿ ಕಿಡಿಯ ಕಾಲವನ್ನು ಹೊಂದಿಸುವ ಸಲುವಾಗಿ ಒಂದು ಕಚ್ಚು ಇತ್ತು. ಹೊಸದರಲ್ಲಿ ಅದನ್ನು ಹಾಕಿಸಲು ಹುಡುಗನು ಮರೆತಿದ್ದನು. ತಂದೆಯು ಹಳೆಯದನ್ನು ಒರೆಸಿ, ಸೀರೆಯ ತುಣುಕಿನಲ್ಲಿ ಸುತ್ತಿ ತೆಗೆದಿಟ್ಟನು.

ನಾಲ್ಕೇ ದಿನಗಳಲ್ಲಿ ಬಾದಾಮಿಯ ಬನಶಂಕರಿಯಲ್ಲಿ ಮಗಳ ಮಗಳ ಮದುವೆ. ಅಜ್ಜಿಯನ್ನು ಮುಂದೆ ಕೂಡಿಸಿಕೊಂಡು ಐದು ಜನರು ಹೊರಟರು. ಹುನಗುಂದದವರೆಗೆ ಮೋಟಾರು ಹೂವಿನಂತೆ ಹೋಯಿತು. ಅಮೀನಗಡದಲ್ಲಿ ನಿಂತು ಕರದಂಟು ಕೊಂಡರು. ಬಿಸಿಲೇರಿತು. ಗುಳೇದಗುಡ್ಡದ ಕೆಂಪು ಕಲ್ಲಿನ ಗುಡ್ಡಗಳ ನಡುವೆ ಏರಿನಲ್ಲಿ ಹೇರು ತುಂಬಿದ ಲಾರಿಯೊಂದು ಮುಂದೆ ತೆವಳುತ್ತಿತ್ತು, ದಾಟಿ ಹೋಗಲು ದಾರಿಯಿಲ್ಲ. ಓಡುವ ಮೋಟಾರಿಗೆ ಎದುರುಗಾಳಿಯೇ ಅರ್ಧ ತಂಪು ಕೊಡುವದು. ತೆವಳುವಾಗ ಆ ಗಾಳಿಯಿಲ್ಲ, ಪಂಖವೊಂದೇ ಗತಿ. ಅದರ ಸುತ್ತಿನಲ್ಲಿಯೂ, ಒಳಗಿನ ನೀರಿನ ಓಟದಲ್ಲಿಯೂ ಐದರಲ್ಲಿ ಒಂದು ಪಾಲು ಕಡಿಮೆಯಾಗಿತ್ತು. ಸ್ವಲ್ಪ ಹೊತ್ತಿಗೆ ಮುಚ್ಚಳದ ಬುಡದಿಂದ ಉಗಿ ಬುಸುಗುಟ್ಟಿತು.

ಬೇವಿನ ನೆರಳಿಗೆ ನಿಲ್ಲಿಸಿದರು. ಹುಡುಗನು ಟವೆಲ್ಲು ಸುತ್ತಿದ ಕೈಯನ್ನು ಮುಚ್ಚಳಕ್ಕೆ ಹಚ್ಚಿದ್ದನೋ ಇಲ್ಲವೋ, ತಂದೆಯು ಆ ಕೈಯ ಮೇಲೆ ಬಲವಾಗಿ ಹೊಡೆದನು. ಒತ್ತಡದಲ್ಲಿ ಕುದಿಯುವ ನೀರು ಮುಚ್ಚಳ ಸಡಿಲಿಸಿದ ಕ್ಷಣದಲ್ಲಿ ಮುಖಕ್ಕೆ ಹಾರುವದೆಂದು ಅವನು ತನ್ನ ತಂದೆಯಿಂದ ತಿಳಿದಿದ್ದನು. ಮಗನು ಹುಟ್ಟಿದಾಗಿನಿಂದ ಅವನ ಮೇಲೆ ಕೈಯೆತ್ತಿದ್ದು ಅದೇ ಮೊದಲು. ಇಬ್ಬರೂ ಮಾತಾಡಲಿಲ್ಲ. ಕಾದ ಎಂಜಿನಿಗೆ ತಣ್ಣೀರು ಸುರಿದರೆ ಎರಕ ಸೀಳುವ ಭಯವಿರುವದರಿಂದ ಕಾಯುವದರ ಹೊರತು ಉಪಾಯವಿರಲಿಲ್ಲ.

ಅಜ್ಜಿಯು ಕಲ್ಲಿನ ಮೇಲೆ ಕೂತು, ಮೊಮ್ಮಗಳಿಗೆಂದು ತಂದ ಸೀರೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಬಹಳ ಹೊತ್ತಿನ ಮೇಲೆ ಸೂರ್ಯನನ್ನು ನೋಡಿ, “ಅಕ್ಷತಿ ಬಿದ್ದಿರಬೇಕೀಗ,” ಎಂದಳು. ಬಳಿಕ ತನ್ನ ಕುಡಿಯುವ ನೀರಿನ ತಂಬಿಗೆಯನ್ನು ಮೊಮ್ಮಗನ ಕಡೆಗೆ ಸರಿಸಿದಳು.

“ಲೆಕ್ಕ ತಪ್ಪಿಲ್ಲಪ್ಪಾ,” ಎಂದನು ಹುಡುಗನು ಮೆಲ್ಲಗೆ.

“ನಾ ತಪ್ಪಂದ್ನೇನು?”

ಲೆಕ್ಕವು ನಿಜವಾಗಿಯೂ ತಪ್ಪಿರಲಿಲ್ಲ. ವೈಶಾಖದ ಏರುಬಿಸಿಲೂ ಐದು ಜನರ ಭಾರವೂ ಮುಂದಿನ ಲಾರಿಯೂ ಅದರೊಳಗೆ ಬಂದಿರಲಿಲ್ಲ, ಅಷ್ಟೇ. ಮೋಟಾರನ್ನು ರಚಿಸಿದವರು ಪಂಖಕ್ಕೆ ಕೊಟ್ಟ ಐದನೆಯ ಪಾಲು ಇಂಥ ಏರಿಗಾಗಿಯೇ ಇರಿಸಿದ್ದಾಗಿತ್ತು.

ಬನಶಂಕರಿಯನ್ನು ಮುಟ್ಟಿದಾಗ ಎರಡನೆಯ ಪಂಕ್ತಿಯ ಊಟ ನಡೆದಿತ್ತು. ಮದುಮಗಳು ಎದ್ದು ಬಂದು ಅಜ್ಜಿಯ ಕಾಲಿಗೆ ಬಿದ್ದು ಅತ್ತಳು; ಅಜ್ಜಿಯು ತನ್ನ ಸೆರಗಿನಲ್ಲಿದ್ದ ಅಕ್ಷತೆಯನ್ನು ಅಲ್ಲಿಯೇ ಅವಳ ತಲೆಯ ಮೇಲೆ ಹಾಕಿದಳು. ಹಿಂದಿರುಗುವಾಗ ಬಿಸಿಲು ತಪ್ಪಿಸಿ ರಾತ್ರಿ ಹೊರಟರು.

ಮರುದಿವಸ ಹುಡುಗನು ಯಾರ ಅಪ್ಪಣೆಗೂ ಕಾಯದೆ ರೇಡಿಯೇಟರನ್ನು ಬಿಚ್ಚತೊಡಗಿದನು. ತಂದೆಯು ಅಂಗಡಿಗೆ ಹೋಗದೆ, ಸೀರೆಯ ತುಣುಕಿನ ಗಂಟನ್ನು ತಂದು ಪಕ್ಕದಲ್ಲಿಟ್ಟು ಕೂತನು. ಈ ಸಲ ಅರ್ಧಚಂದ್ರದ ಬಿಲ್ಲೆಯು ಬೀಳದಂತೆ ಅವನೇ ಬೆರಳಿನಿಂದ ಒತ್ತಿ ಹಿಡಿದನು. ಹಳೆಯ ಗಾಲಿ ಕೂತ ಮೇಲೆ ಹುಡುಗನು ಅಂಚಿನ ಕಚ್ಚಿಗೆ ಕಡ್ಡಿಯಿಂದ ಸುಣ್ಣ ಹಚ್ಚಿದನು. ತಂದೆಯು ಹಿಡಿಕೆಯನ್ನು ಮೆಲ್ಲಗೆ ತಿರುವುತ್ತ ಹೋದನು. ಬಿಳಿಯ ಗೆರೆಯು ಸುತ್ತಿ ಬಂದು ಮುಳ್ಳಿನ ನೇರಕ್ಕೆ ನಿಂತಿತು.