ಕೊಳಗವೂ ಗಿಗಾಬೈಟೂ

ಅಳತೆಯೆಂಬುದು ವಸ್ತುವಿನ ಗುಣವೆಂದು ನಾವು ಭಾವಿಸುತ್ತೇವೆ. ಯೋಚಿಸಿ ನೋಡಿದರೆ ಅದು ಅಳೆಯುವವರ ಒಡಂಬಡಿಕೆಯೆಂದು ತಿಳಿಯುತ್ತದೆ. 1801ರಲ್ಲಿ ನಗರ, ಇಕ್ಕೇರಿಗಳ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ತಾನು ಕಂಡ ಸೀಮೆಗಳ ಅಳತೆ ತೂಕಗಳನ್ನು ಬರೆದಿಟ್ಟನು. ಕೊಳಗವೆಂಬ ಹೆಸರು ಒಂದೇ. ಅದು ಹಿಡಿಯುವ ಭತ್ತ ಮಾತ್ರ ಸೀಮೆಗೊಂದು ಬಗೆ. 1956ರ ಕಾಯಿದೆಯಂತೆ 1958ರಿಂದ ಕಿಲೋಗ್ರಾಮು ಹಂತಹಂತವಾಗಿ ಬಳಕೆಗೆ ಬಂದು ಆ ತೊಡಕು ತೀರಿತು. ಅದೇ ತೊಡಕು ಈಗ ಕಂಪ್ಯೂಟರಿನೊಳಗೆ ತಲೆಯೆತ್ತಿದೆ.

ಸಾಗರ, ಹೊಸನಗರಗಳ ಅನೇಕ ಮನೆಗಳಿಗೆ ಇದು ಬರಿಯ ಕುತೂಹಲದ ಮಾತಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ಊರುಗಳು ಮುಳುಗಿದವು. ಕೈಯಲ್ಲಿ ಉಳಿದುದು ಕಾಗದಪತ್ರ. ಮುಳುಗಡೆಯವರ ಭೂಮಿಯ ಹಕ್ಕಿನ ಪ್ರಶ್ನೆ ಅನೇಕ ಕಡೆ ಇಂದಿಗೂ ಬಗೆಹರಿದಿಲ್ಲವಾದುದರಿಂದ ಒಂದು ಕಂದಾಯದ ರಸೀತಿಯೂ ಕಳೆದುಹೋಗುವಂತಿಲ್ಲ. ಮಳೆಗಾಲದ ತೇವಕ್ಕೂ ಗೆದ್ದಲಿಗೂ ಅಂಜಿ ನಮ್ಮ ಮನೆಯ ಪತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ, ಒಂದು ಪ್ರತಿಯನ್ನು ತೀರ್ಥಹಳ್ಳಿಯಲ್ಲಿರುವ ತಂಗಿಗೆ ಕಳುಹಿಸಿದೆನು. "ಅಣ್ಣಯ್ಯ, ನೀನು 10 ಗಿಗಾಬೈಟು ಎಂದೆ, ಇಲ್ಲಿ 10.7 ಎಂದಿದೆ. ಯಾವುದನ್ನು ನಂಬಲಿ?" ಎಂದು ಅವಳು ಕೇಳಿದಳು.

ಎರಡೂ ನಿಜ. ನನ್ನ ವಿಂಡೋಸು 1,024 ಬೈಟುಗಳನ್ನು ಒಂದು ಕಿಲೋಬೈಟೆಂದು ಎಣಿಸುತ್ತದೆ. ಅವಳ ಆಪಲ್ ಯಂತ್ರಕ್ಕೆ, 2009ರಿಂದೀಚಿನ ಪದ್ಧತಿಯಂತೆ, 1,000 ಬೈಟು ಸಾಕು. ಅಂಗಡಿಯಲ್ಲಿ 16 ಗಿಗಾಬೈಟೆಂದು ಕೊಂಡ ಪೆನ್‌ಡ್ರೈವು ವಿಂಡೋಸಿನಲ್ಲಿ 14.9 ಆಗುವುದೂ ಇದರಿಂದಲೇ. 1,024ರ ಲೆಕ್ಕಕ್ಕೆ ಕಿಬಿಬೈಟು, ಗಿಬಿಬೈಟು ಎಂಬ ಬೇರೆ ಹೆಸರುಗಳು 1998ರಲ್ಲಿಯೇ ನಿಶ್ಚಯವಾದವು. ವಿಂಡೋಸು ಮಾತ್ರ ಹಳೆಯ ಹೆಸರನ್ನು ಬಿಡಲಿಲ್ಲ.

ಇನ್ನು ಫೋಲ್ಡರಿನ ಮಾತು. ವಿಂಡೋಸಿನ ಪಟ್ಟಿಯಲ್ಲಿ ಫೈಲುಗಳ ಮುಂದೆ ಗಾತ್ರವಿರುತ್ತದೆ, ಫೋಲ್ಡರಿನ ಮುಂದೆ ಬರಿದು. ಲಿನಕ್ಸಿನ ಗ್ನೋಮ್ ಅಲ್ಲಿ ಗಾತ್ರದ ಬದಲು ಒಳಗಿರುವ ವಸ್ತುಗಳ ಸಂಖ್ಯೆಯನ್ನು ಬರೆಯುತ್ತದೆ. ಕಾರಣವಿಲ್ಲದಿಲ್ಲ: ಫೋಲ್ಡರಿನ ಗಾತ್ರ ತಿಳಿಯಬೇಕಾದರೆ ಅದರೊಳಗಿನ ಫೋಲ್ಡರುಗಳನ್ನೆಲ್ಲ ಹೊಕ್ಕು ಒಂದೊಂದು ಫೈಲನ್ನೂ ಕೂಡಬೇಕು, ಕಣಜವನ್ನು ಬರಿದುಮಾಡಿ ಅಳೆದಂತೆ, ಅದಕ್ಕೆ ಹೊತ್ತು ಹಿಡಿಯುತ್ತದೆ. ಕೇಳಿದಾಗ ಹೇಳುವುದಾದರೂ ಎರಡು ಲೆಕ್ಕ: ಫೈಲಿನ ಗಾತ್ರ ಒಂದು, ಡಿಸ್ಕಿನಲ್ಲಿ ಹಿಡಿದ ಜಾಗ ಇನ್ನೊಂದು. ಅರ್ಧ ತುಂಬಿದ ಅಡಕೆಯ ಚೀಲವೂ ಅಟ್ಟದ ಮೇಲೆ ಒಂದು ಚೀಲದ ಜಾಗವನ್ನೇ ಹಿಡಿಯುವಂತೆ, ಸಣ್ಣ ಫೈಲೂ ಸಾಮಾನ್ಯವಾಗಿ 4,096 ಬೈಟುಗಳ ಒಂದು ತುಂಡನ್ನು ಪೂರ್ತಿಯಾಗಿ ಹಿಡಿಯುತ್ತದೆ. ಪೆನ್‌ಡ್ರೈವಿನಲ್ಲಿ ಆ ತುಂಡು ಇನ್ನೂ ದೊಡ್ಡದಿರಬಹುದು.

ಆದುದರಿಂದ ಗಿಗಾಬೈಟನ್ನು ಬಿಟ್ಟು ಬೈಟುಗಳನ್ನೇ ಓದಿಕೊಳ್ಳಲು ಹೇಳಿದೆನು. ಕೊನೆಯ ಅಂಕೆಯವರೆಗೂ ಎರಡು ಕಡೆಯ ಲೆಕ್ಕ ಕೂಡಿಬಂದಿತು. ಫೈಲುಗಳ ಸಂಖ್ಯೆಯೂ ಸರಿಯಾಯಿತು. ಗಾತ್ರ ಸರಿಯಾದ ಮಾತ್ರಕ್ಕೆ ಒಳಗಿನ ಅಕ್ಷರ ಕೆಟ್ಟಿಲ್ಲವೆಂಬ ಭರವಸೆಯಿಲ್ಲವೆಂದು, ಮುಖ್ಯವಾದ ಕೆಲವು ಪತ್ರಗಳನ್ನು ತೆರೆದು ಓದಿಯೂ ನೋಡಿದಳು.

ಯಂತ್ರವು ಯಾವ ಮಾನವನ್ನಾದರೂ ಹಿಡಿಯಲಿ, ಒಂದನ್ನೇ ಹಿಡಿದು ಅದರ ಹೆಸರನ್ನು ಸರಿಯಾಗಿ ಹೇಳಿದರೆ ಸಾಕು. ನಮ್ಮ ಹಿರಿಯರು ಕೊಳಗದ ಹೆಸರು ಕೇಳಿದೊಡನೆ ಅದು ಯಾವ ಊರಿನದೆಂದು ವಿಚಾರಿಸುತ್ತಿದ್ದರು. ಆ ಎಚ್ಚರವನ್ನು ನಾವು ಬಿಡುವ ಕಾಲ ಇನ್ನೂ ಬಂದಂತೆ ತೋರುವುದಿಲ್ಲ.