ಗೆರೆಯ ಮೇಲೆ ಬಿದ್ದ ಚೆಂಡು

ಟೆನಿಸ್ ಅಂಕಣದ ಉದ್ದ 23.77 ಮೀಟರ್, ಸಿಂಗಲ್ಸ್ ಆಟಕ್ಕೆ ಅಗಲ 8.23 ಮೀಟರ್. ಗೆರೆಗಳಾಚೆ ಓಡುವುದಕ್ಕೆ, ಹಿಂದೆ ಸರಿದು ಹೊಡೆಯುವುದಕ್ಕೆ ಬಿಡಬೇಕಾದ ನೆಲವನ್ನೂ ಕೂಡಿಸಿದರೆ ಒಂದು ಅಂಕಣ ಹದಿನಾರು ಸೆಂಟ್ಸ್ ಜಾಗವನ್ನು ನುಂಗುತ್ತದೆ. ಕಾಸರಗೋಡಿನ ಕಡೆ ಅಷ್ಟರಲ್ಲಿ ಒಂದು ಮನೆ, ಒಂದು ಬಾವಿ, ನಾಲ್ಕಾರು ತೆಂಗಿನ ಮರ ಸುಖವಾಗಿ ನಿಲ್ಲುತ್ತವೆ. ಅದೂ ಸಮತಟ್ಟಾದ ನೆಲವಾಗಬೇಕು. ಗುಡ್ಡದ ಇಳಿಜಾರಿನಲ್ಲಿ ಮುರಕಲ್ಲು ಕಡಿದು ಅಂಗಳ ಮಾಡಿಕೊಂಡವರಿಗೆ ಆ ಖರ್ಚು ಏನೆಂದು ಗೊತ್ತು. ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಬಡ್ಡಿ ಇದೆ, ಖೋ ಖೋ ಇದೆ, ಶಟಲ್ ಇದೆ. ಟೆನಿಸ್ ಪತ್ರಿಕೆಯ ಕ್ರೀಡಾಪುಟದಲ್ಲಿದೆ. 2024ರ ಜನವರಿಯಲ್ಲಿ ಕೊಡಗಿನ ರೋಹನ್ ಬೋಪಣ್ಣ ತಮ್ಮ 43ನೆಯ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದಾಗ ಆ ಚಿತ್ರವನ್ನು ಕತ್ತರಿಸಿ ಅಂಟಿಸಿಕೊಂಡ ಮಕ್ಕಳಲ್ಲಿ ಟೆನಿಸ್ ರ‍್ಯಾಕೆಟ್ ಮುಟ್ಟಿದವರು ವಿರಳ.

ಹಾಗಿರುವಾಗ ಬದಿಯಡ್ಕದ ಸಮೀಪದ ಒಂದು ಮನೆಯ ಚಾವಡಿಗೆ ಕಳೆದ ಮಳೆಗಾಲದಲ್ಲಿ ಟೆನಿಸ್ ಅಂಕಣ ಬಂದು ಇಳಿಯಿತು. ಗಲ್ಫಿನಿಂದ ರಜೆಗೆ ಬಂದ ಚಿಕ್ಕಪ್ಪ ಎಂಟನೆಯ ತರಗತಿಯ ಹುಡುಗಿಗೆಂದು ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ತಂದಿದ್ದರು. ಮೇಜು, ಬೆಂಚು, ಅಡಿಕೆಯ ಗೋಣಿಗಳು ಗೋಡೆಯ ಬದಿಗೆ ಸರಿದವು. ಸೀಲಿಂಗ್ ಫ್ಯಾನು ಆರಿತು. ಎರಡು ಮೀಟರ್ ಚೌಕದಷ್ಟು ತೆರವು ಸಿಕ್ಕಿತು. ಕಣ್ಣು ಮುಚ್ಚಿದ ಹುಡುಗಿ ಅದರ ನಡುವೆ ನಿಂತು ಗಾಳಿಗೆ ಬೀಸಿದಳು, ಹಾರಿದಳು, ಯಾರೂ ಇಲ್ಲದ ಕಡೆಗೆ ತಿರುಗಿ ನಕ್ಕಳು. ಜಗಲಿಯ ಆರಾಮಕುರ್ಚಿಯಿಂದ ಅಜ್ಜ ಕೇಳಿದರು: “ಎಂತ ಮಗಾ, ದರ್ಶನ ಬಂತಾ?”

ಹೊರಗಿನಿಂದ ನೋಡುವವರಿಗೆ ಅದು ದರ್ಶನದಂತೆಯೇ. ಒಳಗಿನ ಲೆಕ್ಕ ಮಾತ್ರ ಕಟ್ಟುನಿಟ್ಟಿನದು. ಅರ್ಧ ಕಿಲೋ ತೂಕದ ಆ ಉಪಕರಣ ಎರಡು ಕಣ್ಣುಗಳಿಗೆ ಎರಡು ಬೇರೆ ಚಿತ್ರಗಳನ್ನು ತೋರಿಸಿ ಆಳವನ್ನು ಹುಟ್ಟಿಸುತ್ತದೆ. ಹೊರಮೈಯ ಕ್ಯಾಮೆರಾಗಳು ಕೋಣೆಯನ್ನೂ ಕೈಯಲ್ಲಿರುವ ಹಿಡಿಕೆಯನ್ನೂ ಎಡೆಬಿಡದೆ ಅಳೆಯುತ್ತಿರುತ್ತವೆ. ಸೆಕೆಂಡಿಗೆ 90 ಚಿತ್ರಗಳು ಮೂಡುತ್ತವೆ ಎಂದಿಟ್ಟುಕೊಳ್ಳೋಣ. ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಬರುವ ಚೆಂಡು ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ 37 ಸೆಂಟಿಮೀಟರ್, ಅಂದರೆ ಒಂದು ಮೊಳಕ್ಕೆ ತುಸು ಕಡಿಮೆ, ದಾಟಿಬಿಟ್ಟಿರುತ್ತದೆ. ರ‍್ಯಾಕೆಟ್ಟಿಗೆ ಚೆಂಡು ತಾಗಿದ ಕ್ಷಣ ಬಹುಪಾಲು ಯಾವ ಚಿತ್ರದಲ್ಲೂ ಇರುವುದೇ ಇಲ್ಲ. ಎರಡು ಚಿತ್ರಗಳ ನಡುವಿನ ಆ ಕತ್ತಲಲ್ಲಿ ರ‍್ಯಾಕೆಟ್ ಯಾವ ದಾರಿಯಲ್ಲಿ ಸಾಗಿತು, ಅದರ ಮುಖ ಎಷ್ಟು ಓರೆಯಾಗಿತ್ತು, ಕೆಳಗಿನಿಂದ ಮೇಲಕ್ಕೆ ಎಷ್ಟು ಉಜ್ಜಿತು ಎಂಬುದನ್ನು ಗಣಿಸಿ ಚೆಂಡಿನ ವೇಗವನ್ನೂ ಸುತ್ತನ್ನೂ ಯಂತ್ರ ನಿರ್ಧರಿಸುತ್ತದೆ. ಬೇಗ ಬೀಸಿದರೆ ಚೆಂಡು ಒಂದು ಪಕ್ಕಕ್ಕೆ, ತಡವಾದರೆ ಇನ್ನೊಂದು ಪಕ್ಕಕ್ಕೆ. ಮೊದಲ ವಾರ ಬಲೆಗೆ ಬಡಿಯುತ್ತಿದ್ದ ಹುಡುಗಿ ಮೂರನೆಯ ವಾರಕ್ಕೆ ಚೆಂಡು ಪುಟಿದು ಏರುವವರೆಗೆ ಕಾಯುವುದನ್ನು ಕಲಿತಳು. ಆ ಕಾಯುವಿಕೆ ನಿಜವಾದ ವಿದ್ಯೆ. ಅದನ್ನು ಹುಸಿಯೆಂದು ತಳ್ಳಿಹಾಕುವವರು ಒಮ್ಮೆ ಹೆಡ್‌ಸೆಟ್ ಧರಿಸಿ ನೋಡಬೇಕು.

ತೂಕ ಮಾತ್ರ ಬರಲಿಲ್ಲ. ನಿಯಮದಂತೆ ಚೆಂಡು 56ರಿಂದ 59.4 ಗ್ರಾಂ ತೂಗಬೇಕು. ತಂತಿಗೆ ಅದು ತಾಗಿರುವ ಅವಧಿ ಸೆಕೆಂಡಿನ ಸಾವಿರ ಭಾಗಗಳಲ್ಲಿ ಸುಮಾರು ಐದು. ಅಷ್ಟರಲ್ಲೇ ಮೊಣಕೈಯವರೆಗೆ ಸುದ್ದಿ ಮುಟ್ಟುತ್ತದೆ. ಚಾವಡಿಯ ಟೆನಿಸಿನಲ್ಲಿ ಆ ಸುದ್ದಿಯ ಬದಲಿಗೆ ಹಿಡಿಕೆಯೊಳಗೊಂದು ಸಣ್ಣ ಗುಂಯ್‌ಗುಡುವಿಕೆ. ಭಾರವಿಲ್ಲದ ಹಿಡಿಕೆಗೆ ಮಣಿಕಟ್ಟಿನ ತಿರುವೊಂದೇ ಸಾಕಾಗುವುದರಿಂದ ಭುಜ, ಸೊಂಟ, ಕಾಲು ಕ್ರಮೇಣ ರಜೆ ಹಾಕುತ್ತವೆ. ಓಟದ ಕಥೆಯೂ ಅಷ್ಟೆ. ಅಂಕಣದ ಅರ್ಧಭಾಗವೇ ಹನ್ನೆರಡು ಮೀಟರಿನಷ್ಟು ಉದ್ದ. ಎರಡು ಮೀಟರಿನಾಚೆ ಅಡಿಕೆಯ ಗೋಣಿ. ಆದುದರಿಂದ ಆಟವೇ ಆಟಗಾರರನ್ನು ಚೆಂಡಿನ ಬಳಿಗೆ ಒಯ್ದು ನಿಲ್ಲಿಸುತ್ತದೆ. ಕಣ್ಣು ಚಲಿಸಿತೆನ್ನುತ್ತದೆ, ಒಳಗಿವಿ ಇಲ್ಲವೆನ್ನುತ್ತದೆ. ಈ ಭಿನ್ನಾಭಿಪ್ರಾಯದ ಫಲವಾಗಿ ಕೆಲವರಿಗೆ ತಲೆ ಸುತ್ತಿ ವಾಕರಿಕೆ ಬರುತ್ತದೆ. ಮೇಜಿನ ಟೆನಿಸ್ ಈ ಉಪಕರಣಕ್ಕೆ ಹೆಚ್ಚು ಒಗ್ಗಲು ಕಾರಣವೂ ಇದೇ: ಆ ಮೇಜಿನ ಉದ್ದ 2.74 ಮೀಟರ್, ಅಗಲ 1.525 ಮೀಟರ್, ಚೆಂಡು ಮೂರು ಗ್ರಾಮಿಗೂ ಕಡಿಮೆ. ಅದು ಚಾವಡಿಯೊಳಗೆ ತನ್ನ ನಿಜವಾದ ಅಳತೆಯಲ್ಲೇ ಹಿಡಿಸುತ್ತದೆ.

ಪರದೆಯ ಮೇಲಿನ ಟೆನಿಸ್ ಹೊಸತೇನಲ್ಲ. 1958ರಲ್ಲೇ ಅಮೆರಿಕದ ಬ್ರುಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ, ನೋಡಲು ಬರುವವರ ಬೇಸರ ಕಳೆಯಲೆಂದು ಆಸಿಲೋಸ್ಕೋಪಿನ ಪುಟ್ಟ ಗಾಜಿನ ಮೇಲೆ ಚೆಂಡು ಪುಟಿಸಿದ್ದರು. 1972ರಲ್ಲಿ ಅಟಾರಿಯ ‘ಪಾಂಗ್’ ಬಂದಿತು. ಅದೇ ವರ್ಷ ಮಾರುಕಟ್ಟೆಗೆ ಬಂದ ‘ಒಡಿಸ್ಸಿ’ ಯಂತ್ರದ ಮ್ಯಾಗ್ನವಾಕ್ಸ್ ಸಂಸ್ಥೆ ಪೇಟೆಂಟ್ ದಾವೆ ಹೂಡಿ, 1976ರಲ್ಲಿ ಅಟಾರಿಯೊಡನೆ ರಾಜಿಯಾಯಿತು. ಹುಲ್ಲಿನ ಮೇಲಿನ ಟೆನಿಸ್ ಕೂಡ ಪೇಟೆಂಟಿನ ಕೂಸೇ: 1874ರಲ್ಲಿ ಇಂಗ್ಲೆಂಡಿನ ಮೇಜರ್ ವಾಲ್ಟರ್ ವಿಂಗ್‌ಫೀಲ್ಡ್ ಅದಕ್ಕೆ ಪೇಟೆಂಟ್ ಪಡೆದರು. ಕಾಗದಪತ್ರದಿಂದ ಈ ಆಟಕ್ಕೆ ಎಂದೂ ಬಿಡುಗಡೆಯಿರಲಿಲ್ಲ.

ಚಾವಡಿಯಲ್ಲೂ ಒಂದು ಕರಾರಿಗೆ ಒಪ್ಪಿಗೆ ಬಿದ್ದಿತ್ತು, ಯಾರ ಗಮನಕ್ಕೂ ಬಾರದೆ. ಇಂಗ್ಲಿಷಿನ ಉದ್ದನೆಯ ಷರತ್ತುಗಳ ಕೆಳಗೆ ಚಿಕ್ಕಪ್ಪ ಒಂದು ಗುಂಡಿ ಒತ್ತಿ, ಖಾತೆಯನ್ನು ತಮ್ಮ ಹೆಸರಿನಲ್ಲೇ ತೆರೆದಿದ್ದರು. ಕೋಣೆಯ ಆಕಾರ, ಆಡುವವರ ಎತ್ತರ, ಕೈಯ ಚಲನೆ ಎಲ್ಲವನ್ನೂ ಅಳೆಯುವ ಯಂತ್ರವಿದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ದತ್ತಾಂಶಕ್ಕೆ ಹೆತ್ತವರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆನ್ನುತ್ತದೆ; ಮಕ್ಕಳ ನಡವಳಿಕೆಯ ಜಾಡು ಹಿಡಿಯುವುದನ್ನೂ ಅವರನ್ನು ಗುರಿಯಾಗಿಸಿದ ಜಾಹೀರಾತನ್ನೂ ನಿಷೇಧಿಸುತ್ತದೆ. ಆದರೆ ಆ ಮನೆಯ ಮಟ್ಟಿಗೆ ಯಂತ್ರ ತಿಳಿದಂತೆ ಟೆನಿಸ್ ಆಡುತ್ತಿದ್ದವರು ಮೂವತ್ತೆಂಟು ವರ್ಷದ ಒಬ್ಬ ಗಂಡಸು. ಮಗು ಇಲ್ಲದ ಕಡೆ ಮಗುವಿನ ರಕ್ಷಣೆ ಕೆಲಸ ಮಾಡುವುದು ಹೇಗೆ? ಹೆತ್ತವರು ಹದಿನೈದು ನಿಮಿಷ ಕುಳಿತು ಮಗುವಿನ ನಿಜವಾದ ವಯಸ್ಸಿಗೆ ಖಾತೆ ತೆರೆದರೆ ತೀರುವ ಕೆಲಸವಿದು.

ಅದಕ್ಕಿಂತ ಸೂಕ್ಷ್ಮವಾದದ್ದು ಗೆರೆಯ ವಿಚಾರ. ಚಾವಡಿಯ ಅಂಕಣದಲ್ಲಿ ತಕರಾರೇ ಇಲ್ಲ. ಚೆಂಡು ಎಲ್ಲಿ ಬಿತ್ತೆಂದು ಯಂತ್ರ ನೋಡಿ ಹೇಳಬೇಕಾಗಿಲ್ಲ. ಅದನ್ನು ಅಲ್ಲಿ ಬೀಳಿಸಿದ್ದೇ ಯಂತ್ರ. ಘಟನೆ, ಸಾಕ್ಷಿ, ಕಾನೂನು, ತೀರ್ಪುಗಾರ ನಾಲ್ಕೂ ಒಂದೇ ಪೆಟ್ಟಿಗೆಯೊಳಗೆ. ಮೇಲ್ಮನವಿಗೆ ಅವಕಾಶವೂ ಇಲ್ಲ, ಅಗತ್ಯವೂ ಇಲ್ಲ. ನಿಜವಾದ ದೊಡ್ಡ ಅಂಕಣಗಳೂ ಈಗ ಆ ದಾರಿ ಹಿಡಿದಿವೆ: 2025ರಿಂದ ವಿಂಬಲ್ಡನ್ನಿನಲ್ಲಿ ಗೆರೆ ನೋಡುವ ಮನುಷ್ಯರಿಲ್ಲ, ಕ್ಯಾಮೆರಾಗಳ ಲೆಕ್ಕಾಚಾರವೇ ‘ಔಟ್’ ಎಂದು ಕೂಗುತ್ತದೆ. ಮಣ್ಣಿನ ಮೇಲೆ ಚೆಂಡಿನ ಗುರುತು ಉಳಿಯುವ ಫ್ರೆಂಚ್ ಓಪನ್ ಆ ವರ್ಷವೂ ಮನುಷ್ಯರನ್ನೇ ಇಟ್ಟುಕೊಂಡಿತು.

ಆದರೆ ಜಗತ್ತಿನ ಟೆನಿಸಿನ ಬಹುಭಾಗ ನಡೆಯುವುದು ಅಂಪೈರ್ ಇಲ್ಲದ ಅಂಕಣಗಳಲ್ಲಿ. ಅಲ್ಲಿನ ಪದ್ಧತಿ ವಕೀಲರನ್ನು ಬೆರಗುಗೊಳಿಸುವಂಥದು. ಬಲೆಯ ತನ್ನ ಬದಿಯಲ್ಲಿ ಬಿದ್ದ ಚೆಂಡಿನ ತೀರ್ಪನ್ನು ಆಟಗಾರನೇ ಹೇಳಬೇಕು. ಕೂಡಲೇ, ಎದುರಾಳಿಗೆ ಕೇಳಿಸುವಂತೆ ಹೇಳಬೇಕು. ಸಂಶಯವಿದ್ದರೆ ಅದರ ಲಾಭ ಎದುರಾಳಿಗೆ ಸಲ್ಲಬೇಕು. ಗೆರೆಗೆ ತಾಗಿದ ಚೆಂಡು ಒಳಗಿನದೇ. ತನ್ನ ವ್ಯಾಜ್ಯದಲ್ಲಿ ತಾನೇ ನ್ಯಾಯಾಧೀಶನಾಗಬಾರದೆಂಬುದು ನ್ಯಾಯಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಟೆನಿಸ್ ಆ ಪಾಠವನ್ನು ಬದಿಗಿಟ್ಟು, ಸಂಶಯದ ಲಾಭ ಆರೋಪಿಗೆ ಎಂಬ ಇನ್ನೊಂದು ಪಾಠವನ್ನು ಹನ್ನೆರಡು ವರ್ಷದ ಮಗುವಿನ ಕೈಗೆ ಕೊಟ್ಟು, ಅರ್ಧ ಸೆಕೆಂಡಿನಲ್ಲಿ ತೀರ್ಪು ಹೇಳು ಎನ್ನುತ್ತದೆ. ಚೆಂಡಿನ ಸುತ್ತನ್ನೂ ಪುಟಿತವನ್ನೂ ತದ್ರೂಪಾಗಿ ಕೊಡುವ ಯಂತ್ರ ಆಟದ ಈ ಭಾಗವನ್ನು ತದ್ರೂಪಾಗಿ ಕೊಡುವುದಿಲ್ಲ. ಕೊಡಬಾರದೆಂದೇನೂ ಇಲ್ಲ, ದೂರದ ಮನೆಯಲ್ಲಿ ಕುಳಿತ ಎದುರಾಳಿಯೊಡನೆ ಆಡುವಾಗ ತೀರ್ಪನ್ನು ಆಟಗಾರರಿಗೇ ಬಿಡುವ ಒಂದು ಆಯ್ಕೆ ಇರಬಹುದಿತ್ತು. ಅದನ್ನು ಯಾರೂ ಬಯಸುವುದಿಲ್ಲವಾದ್ದರಿಂದ ಯಾರೂ ಮಾರುವುದಿಲ್ಲ.

ಮಳೆ ಬಿಟ್ಟ ಮೇಲೆ, ಅಡಿಕೆ ಒಣಗಿಸಲು ಅಂಗಳ ಬೇಕಾಗುವುದಕ್ಕೆ ಮೊದಲು ಸಿಗುವ ಕೆಲವು ವಾರಗಳಲ್ಲಿ ಆ ಮನೆಯ ಮಕ್ಕಳು ಸುಣ್ಣದ ಹುಡಿಯಿಂದ ಗೆರೆ ಎಳೆದು ಶಟಲ್ ಆಡುವುದುಂಟು. ಹುಡುಗಿಯ ಆಟ ಬದಲಾಗಿತ್ತು. ಶಟಲಿನ ಮೇಲೆ ಕಣ್ಣು ನೆಟ್ಟು ನಿಲ್ಲುವ ರೀತಿ ಎಲ್ಲರಿಗೂ ಕಾಣಿಸಿತು. ಆದರೆ ಅವಳ ಬದಿಯ ಹಿಂದಿನ ಗೆರೆಯ ಬಳಿ ಶಟಲ್ ಬಿದ್ದಾಗ ಅವಳು ಸುಮ್ಮನೆ ನಿಂತಳು, ಯಾರೋ ಹೇಳುತ್ತಾರೆಂಬಂತೆ. ಯಾರೂ ಹೇಳಲಿಲ್ಲ. ಪಕ್ಕದ ಮನೆಯ ಹುಡುಗ ಬಲೆಯಾಚೆಯಿಂದ ಕೇಳಿದ: “ಅಕ್ಕಾ, ಒಳಗಾ ಹೊರಗಾ?”

“ಗೊತ್ತಿಲ್ಲ” ಎಂದಳು.

“ಗೊತ್ತಿಲ್ಲದಿದ್ರೆ ಅಂಕ ನನಗೆ.”

“ಅದು ಹೇಗೆ ನಿನಗೆ?”

ಅಜ್ಜ ಜಗಲಿಯಿಂದಲೇ ಹೇಳಿದರು: “ಅವ ಹೇಳಿದ್ದು ಸರಿ ಉಂಟು ಮಗಾ. ಆದ್ರೆ ನೀನು ಮೊದಲು ನೋಡಿದ್ಯಾ ಇಲ್ವಾ ಅದನ್ನು ಹೇಳು.”

ಐದು ತಲೆಗಳು ಗೆರೆಯ ಮೇಲೆ ಬಗ್ಗಿದವು. ಹುಡಿ ಒಂದು ಕಡೆ ಕದಡಿತ್ತು. ಕದಡಿದ್ದು ಶಟಲೋ ಚಪ್ಪಲಿಯೋ ಎಂಬ ಪ್ರಶ್ನೆ ಎದ್ದಿತು. ಚಪ್ಪಲಿ ಯಾರದೆಂಬ ಉಪಪ್ರಶ್ನೆಯೂ ಎದ್ದಿತು. ಹುಡುಗಿ ತಾನು ನಿಂತಿದ್ದ ಜಾಗಕ್ಕೆ ಹಿಂತಿರುಗಿ, ಅಲ್ಲಿಂದ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ತೋರಿಸತೊಡಗಿದಳು. ಅಂಕ ತೀರ್ಮಾನವಾಗುವ ಮೊದಲೇ ಕತ್ತಲಾಯಿತು. ಮರುದಿನ ಶಾಲೆಗೆ ಹೋಗುವ ಬಸ್ಸಿನಲ್ಲೂ ವಾದ ಮುಂದುವರಿದಿತ್ತು.